ಒಗೆಯಲು ಹೋದ ಹನ್ನೊಂದನೇ ನಂಬರು

ಶನಿವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ನನ್ನ ಕೈ ಈಗಲೂ ತಾನಾಗಿಯೇ ಚಪಾತಿ ಹಿಟ್ಟಿನ ಡಬ್ಬಿಯ ಕಡೆಗೆ ಹೋಗುತ್ತದೆ. ಒಬ್ಬಳಿಗೆ ಎಷ್ಟು ಹಿಟ್ಟು ಬೇಕು ಎನ್ನುವುದು ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಕಲಸಿ ಮುಗಿಸಿ ನೋಡಿದರೆ ಒಂದು ಫುಟ್ಬಾಲ್ ಟೀಮಿಗೆ ಸಾಲುವಷ್ಟು ಇರುತ್ತದೆ. ಉಳಿದದ್ದನ್ನು ಫ್ರಿಜ್‌ನಲ್ಲಿ ಇಡುತ್ತೇನೆ. ಸೋಮವಾರದ ಹೊತ್ತಿಗೆ ಅದು ಕಪ್ಪಗಾಗಿರುತ್ತದೆ.

ಫುಟ್ಬಾಲ್ ಟೀಮಿಗೆ ಎಂದದ್ದು ಬಾಯಿಮಾತಿಗಲ್ಲ. ನನ್ನ ಯಜಮಾನರು ನೈರೋಬಿಯ ಒಂದು ಟೆಕ್ನಿಕಲ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುತ್ತಿದ್ದರು, ಸಂಜೆ ಅಲ್ಲಿನ ಫುಟ್ಬಾಲ್ ಟೀಮಿಗೆ ಕೋಚ್ ಆಗಿದ್ದರು. ಅಪ್ಪರ್ ಹಿಲ್‌ನಲ್ಲಿ ನಮ್ಮ ಕ್ವಾರ್ಟರ್ಸ್. ಆಗ ಅಲ್ಲಿ ಈಗಿನ ಹಾಗೆ ಬ್ಯಾಂಕುಗಳ ಗಾಜಿನ ಗೋಪುರಗಳಿರಲಿಲ್ಲ, ಹಂಚಿನ ಮನೆಗಳಿದ್ದವು. ನಮ್ಮ ಹಿತ್ತಿಲ ಬೇಲಿ ದಾಟಿದರೆ ಕಾಲೇಜಿನ ಗ್ರೌಂಡು. ನಮಗೆ ಮಕ್ಕಳಾಗಲಿಲ್ಲ. ನಾನು ಮಂಗಳೂರಿನವಳು, ಮನೆಮಾತು ಕೊಂಕಣಿ. ಅವರು ಮೈಸೂರಿನ ಕ್ರಿಶ್ಚಿಯನ್ನರು, ಕೊಂಕಣಿ ಒಂದಕ್ಷರ ಬಾರದು. ಹೀಗಾಗಿ ನಮ್ಮಿಬ್ಬರ ನಡುವೆ ಕನ್ನಡವೇ ಉಳಿಯಿತು, ಅದೂ ಎರಡು ಬಗೆಯದು. ನಾನು "ಉಂಟು" ಎಂದರೆ ಅವರು ನಗುತ್ತಿದ್ದರು, ಅವರು "ಕಣೆ" ಎಂದರೆ ನಾನು ಕೇಳದ ಹಾಗೆ ಇರುತ್ತಿದ್ದೆ. ನಕ್ಕದ್ದು ಮದುವೆಯಾದ ಹೊಸತರಲ್ಲಿ. ಆಮೇಲಾಮೇಲೆ ಮಾತೇ ಕಡಿಮೆಯಾಯಿತು. ಕೆಟ್ಟವರಲ್ಲ, ಪಾಪ. ಬಾಯಿ ತೆರೆದರೆ ಫುಟ್ಬಾಲು, ಮುಚ್ಚಿದರೆ ಫುಟ್ಬಾಲಿನ ಯೋಚನೆ.

ನಾನು ನೈರೋಬಿಯದೇ ಕರೆನ್ ಬಡಾವಣೆಯ ಒಂದು ಶಾಲೆಯ ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ. ವಾರವಿಡೀ ಅಲ್ಲಿ "ಸೈಲೆನ್ಸ್ ಪ್ಲೀಸ್" ಎಂದು ಹೇಳಿ ಮನೆಗೆ ಬಂದರೆ ಇಲ್ಲಿ ಯಾರೂ ಹೇಳದೆಯೇ ಸೈಲೆನ್ಸ್. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಮಂಗಳೂರಿನವರು ಸಿಗುತ್ತಿದ್ದರು. ಮಕ್ಕಳ ಮಾರ್ಕ್ಸು, ಊರಿನ ಸೈಟು, ಯಾವಾಗ ವಾಪಸ್ಸು ಎನ್ನುವುದು, ಅಷ್ಟೇ ಮಾತು. ಎಲ್ಲರೂ ಮುಂದಿನ ವರ್ಷ ಊರಿಗೆ ಹೋಗುವವರೇ. ನಾವೂ. ಮದುವೆಯಲ್ಲಿ ಕೊಟ್ಟ ಡಿನ್ನರ್ ಸೆಟ್ಟನ್ನು ಅದಕ್ಕೆಂದೇ ನಾನು ಟ್ರಂಕಿನಿಂದ ಹೊರಗೆ ತೆಗೆದಿರಲಿಲ್ಲ. ಟ್ರಂಕಿನ ಮೇಲೊಂದು ಕುಶನ್ ಹಾಕಿ ಸೋಫಾ ಮಾಡಿಕೊಂಡಿದ್ದೆವು.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಕಾಲೇಜಿಗೆ ಅಮೆರಿಕದಿಂದ ಒಬ್ಬ ಯುವಕ ಪಾಠ ಹೇಳಲು ಬಂದ. ಒಂದು ಸಂಜೆ ಚಹಾಕ್ಕೆಂದು ಮನೆಗೆ ಬಂದವನು ಆ ಟ್ರಂಕಿನ ಮೇಲೆ ಕೂತು ತನ್ನ ದೇಶದ ಕಾಲೇಜು ಫುಟ್ಬಾಲಿನ ಕಥೆ ಹೇಳಿದ. ಅದು ಬೇರೆಯೇ ಆಟ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಆಡುವಂಥದ್ದು.

"ನಮ್ಮ ಕೋಚ್‌ಗಳಿಗೆ ಇದೇ ದೊಡ್ಡ ಜಗಳ," ಎಂದ. "ಫಸ್ಟ್ ಇಯರ್ ಹುಡುಗನನ್ನು ಬಂದ ಕೂಡಲೇ ಆಡಿಸುವುದೋ, ರೆಡ್‌ಶರ್ಟ್ ಮಾಡುವುದೋ ಅಂತ. ರೆಡ್‌ಶರ್ಟ್ ಆದವನು ವರ್ಷವಿಡೀ ಪ್ರಾಕ್ಟೀಸ್ ಮಾಡ್ತಾನೆ, ಮ್ಯಾಚ್ ಆಡುವುದಿಲ್ಲ. ಆ ವರ್ಷ ಲೆಕ್ಕಕ್ಕೆ ಬರಲ್ಲ. ಕೊನೆಗೆ ಒಂದು ವರ್ಷ ಜಾಸ್ತಿ ಸಿಗುತ್ತೆ, ಅಷ್ಟರಲ್ಲಿ ಮೈಯೂ ಬಲಿತಿರುತ್ತೆ."

ಯಜಮಾನರು ಚಹಾ ಆರುವವರೆಗೂ ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಯಾಕೆಂದು ನನಗೆ ಗೊತ್ತಿತ್ತು. ಅದರ ಹಿಂದಿನ ಸೀಸನ್‌ನಲ್ಲಿ ಅವರೇ ಆಡಿಸಿದ ಒಬ್ಬ ಫಸ್ಟ್ ಇಯರ್ ಹುಡುಗನಿಗೆ ಊರಿನ ಯಾವುದೋ ಕ್ಲಬ್ಬಿನ ದಾಂಡಿಗನೊಬ್ಬ ಅಡ್ಡ ಬಂದು, ಕಾಲಿನ ಎಲುಬು ಮುರಿದಿತ್ತು. ಬೇಲಿಯ ಈಚೆ ಬಟ್ಟೆ ಒಣಹಾಕುತ್ತಿದ್ದ ನನಗೆ ಆ ಸದ್ದು ಕೇಳಿಸಿತ್ತು, ಪೆನ್ಸಿಲ್ ಮುರಿದ ಹಾಗೆ. ಆ ಹುಡುಗ ಆಸ್ಪತ್ರೆಯಿಂದ ನೇರ ಊರಿಗೆ ಹೋದ, ಮತ್ತೆ ಕಾಲೇಜಿಗೆ ಬರಲಿಲ್ಲ. ಸಾಲದ್ದಕ್ಕೆ ದೇಶದ ಶಾಲೆಗಳ ಪದ್ಧತಿಯೂ ಆಗಲೇ ಬದಲಾಯಿತು. ಮೊದಲು ಫಾರ್ಮ್ ಸಿಕ್ಸ್ ಮುಗಿಸಿ, ಮೀಸೆ ಬಲಿತು ಕಾಲೇಜಿಗೆ ಬರುತ್ತಿದ್ದವರು ಈಗ ಎರಡು ವರ್ಷ ಮೊದಲೇ, ಫಾರ್ಮ್ ಫೋರ್‌ನಿಂದ ಸೀದಾ ಬರತೊಡಗಿದರು. ಎಲ್ಲ ಸಪೂರ, ಎಲ್ಲ ಎಳಸು.

ಮರುವಾರವೇ ಯಜಮಾನರು ಒಂದು ಹೊರೆ ಕೆಂಪು ಬಟ್ಟೆ ತಂದು ನನ್ನ ಹೊಲಿಗೆ ಮೆಷಿನ್ ಮೇಲಿಟ್ಟರು. ನೋಡಿದರೆ ದನ ಮೇಯಿಸುವ ಮಸಾಯಿ ಜನ ಹೆಗಲಿಗೆ ಹೊದೆಯುವ ಕಪ್ಪು ಗೆರೆಯ ಶುಕಾ.

"ಬಿಬ್ ಹೊಲೀಬೇಕು. ಫಸ್ಟ್ ಇಯರ್‌ನೋರಿಗೆ. ಶರ್ಟಿನ ಮೇಲೆ ಹಾಕ್ಕೊಳೋ ಹಾಗೆ, ತೋಳಿಲ್ದೆ."

"ಇದು ಕಂಬಳಿ ಅಲ್ವಾ ಮಾರಾಯ್ರೆ? ಓಡುವಾಗ ಬೆಂದು ಹೋಗ್ತಾರೆ."

"ಕೆಂಪು ಇದೆಯಲ್ಲ, ಸಾಕು."

ಹೀಗೆ ಶುರುವಾಯಿತು. ಫಸ್ಟ್ ಇಯರ್‌ನವರು ದಿನವೂ ಕೆಂಪು ಬಿಬ್ ಹಾಕಿಕೊಂಡು ಟೀಮಿನ ಜೊತೆ ಓಡುವುದು, ಬೆವರುವುದು, ಶನಿವಾರ ಮ್ಯಾಚ್ ಇದ್ದಾಗ ಅದನ್ನೇ ಹಾಕಿಕೊಂಡು ಗೆರೆಯ ಆಚೆ ಹುಲ್ಲಿನ ಮೇಲೆ ಕೂರುವುದು. ಮ್ಯಾಚ್ ಮುಗಿದರೆ ಆಡಿದವರು ಮಟಾಟು ವ್ಯಾನು ಹತ್ತಿ ಟೌನಿಗೆ ಹೋಗುತ್ತಿದ್ದರು. ಆಡದವರನ್ನು ಯಾರೂ ಕರೆಯುತ್ತಿರಲಿಲ್ಲ. ಅವರು ಬಿಬ್‌ಗಳನ್ನು ಒಗೆಯಲು ಕೊಡುವ ನೆಪದಲ್ಲಿ ನಮ್ಮ ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. ಮೊದಲ ಶನಿವಾರ ಬಾಗಿಲಲ್ಲೇ ನಿಂತಿದ್ದವರಿಗೆ ಚಹಾ ಕೊಟ್ಟೆ. ಎರಡನೆಯ ಶನಿವಾರ ಚಪಾತಿ ಮಾಡಿದೆ. ಆಮೇಲೆ ಅದು ರೂಢಿಯಾಯಿತು.

ಅವರ ಮಾತೆಲ್ಲ ಇಂಗ್ಲಿಷು, ನಡುನಡುವೆ ಸ್ವಾಹಿಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ನನ್ನನ್ನು "ಮಾಮಾ", ಅಂದರೆ ಅಮ್ಮ, ಎನ್ನುತ್ತಿದ್ದರು, ಯಜಮಾನರನ್ನು "ಮ್ವಾಲಿಮು", ಅಂದರೆ ಮೇಷ್ಟ್ರು. ಆ ಬಿಬ್‌ಗಳ ಬಗ್ಗೆ ಅವರಿಗೆ ನಗುವೋ ನಗು.

"ಮಾಮಾ, ನಾನು ಕಿಸುಮು ಕಡೆ ಸರೋವರದ ದಡದವನು. ಇದನ್ನ ಹಾಕಿಕೊಂಡದ್ದು ನಮ್ಮಜ್ಜ ನೋಡಿದರೆ, ದನ ಎಲ್ಲೋ ಅಂತ ಕೇಳ್ತಾನೆ."

"ನಿನ್ನಜ್ಜನಿಗೆ ಹೇಳು, ದನವೆಲ್ಲ ಗ್ರೌಂಡಿನಲ್ಲಿ ಆಡ್ತಾ ಉಂಟು, ನಾವು ಹೊರಗೆ ಕೂತು ಕಾಯ್ತೇವೆ ಅಂತ," ಎಂದೆ.

ಹೀಗೆಂದು ಇಂಗ್ಲಿಷಿನಲ್ಲೇ ಹೇಳಿದ್ದು. ಅವರು ನಕ್ಕ ನಗು ಮುಂದಿನ ಕೋಣೆಯಲ್ಲಿದ್ದ ಯಜಮಾನರಿಗೂ ಕೇಳಿಸಿರಬೇಕು. ಪೇಪರ್ ಮಡಿಸಿದ ಸದ್ದಾಯಿತು.

ಅಜ್ಜನ ಮಾತು ಎತ್ತಿದವನೇ ಆ ವರ್ಷದ ಎಡಗಾಲಿನ ಹುಡುಗ. ಎಡಗಾಲಿನವ ಎಂದೇ ಕರೆಯುತ್ತೇನೆ. ಚೆಂಡು ಅವನ ಎಡಗಾಲಿಗೆ ಸಿಕ್ಕರೆ ಎದುರಿನವರು ಅದನ್ನು ಮರೆತುಬಿಡಬೇಕು. ಫುಟ್ಬಾಲಿನ ಗಂಧವಿಲ್ಲದ ನನಗೂ ಅದು ಕಾಣಿಸುತ್ತಿತ್ತು. ಅಪ್ಪ ರೈಲ್ವೆಯಲ್ಲಿದ್ದ. ಮಗ ಆಡುವ ದಿನ ಹೇಳು, ಪಾಸಿನಲ್ಲಿ ರೈಲು ಹತ್ತಿ ಬರುತ್ತೇನೆ ಎಂದಿದ್ದನಂತೆ. ಆ ದಿನ ಯಾವುದು ಎನ್ನುವುದಷ್ಟೇ ಬಾಕಿ. ಹುಡುಗ ಅದನ್ನು ದೂರಿನ ಹಾಗೆ ಹೇಳಲಿಲ್ಲ. ಚಪಾತಿಯನ್ನು ಸುರುಳಿ ಸುತ್ತಿ ಚಹಾದಲ್ಲಿ ಅದ್ದುತ್ತ, ಹವಾಮಾನ ಹೇಳಿದ ಹಾಗೆ ಹೇಳಿದ.

ನಾನೂ ಒಂದು ಕಾಲದ ರಿಸರ್ವ್. ಕಾನ್ವೆಂಟಿನಲ್ಲಿ ಥ್ರೋಬಾಲ್ ಟೀಮಿಗೆ ಪ್ರತಿ ವರ್ಷ ನನ್ನ ಹೆಸರು ಇರುತ್ತಿತ್ತು, ಕೊನೆಯಲ್ಲಿ. ಬಿಳಿ ಕ್ಯಾನ್ವಾಸ್ ಶೂಗೆ ಚಾಕ್ ಬಳಿದು, ರಿಬ್ಬನ್ ಬಿಗಿದು ಕೂರುತ್ತಿದ್ದೆ. ಆಟ ನಿಂತಾಗ ಕಿತ್ತಳೆ ತೊಳೆಗಳ ಬಟ್ಟಲು ಹಿಡಿದು ಓಡುವುದು ನನ್ನ ಪಾಲು. "ಯುವರ್ ಟರ್ನ್ ವಿಲ್ ಕಮ್, ಚೈಲ್ಡ್," ಎನ್ನುತ್ತಿದ್ದರು ಸಿಸ್ಟರ್. ಶಾಲೆ ಮುಗಿಯಿತು, ಶೂ ಬಿಳಿಯಾಗಿಯೇ ಉಳಿಯಿತು. ಆಟವಾಡಿ ಸೋತವರ ಕಷ್ಟ ನನಗೆ ಗೊತ್ತಿಲ್ಲ, ಕೂತವರದು ಗೊತ್ತು. ಕೂತವರು ಗೆದ್ದ ದಿನವೂ ಚಪ್ಪಾಳೆ ತಟ್ಟಬೇಕು, ಸೋತ ದಿನವೂ ಸುಮ್ಮನಿರಬೇಕು.

ಅದಕ್ಕೇ ಊಟದ ಮೇಜಿನ ಮೇಲೆ ಆ ಮಾತನ್ನು ತೆಗೆದೆ. ನಮ್ಮ ಊಟದ ಹೊತ್ತಿಗೆ ಎಷ್ಟೋ ತಿಂಗಳ ಮೇಲೆ ಬಂದ ಸಂಭಾಷಣೆ ಅದು.

"ಆ ಎಡಗಾಲಿನವನನ್ನು ಆಡಿಸುವುದು ಉಂಟಾ ಇಲ್ವಾ?"

"ಮುಂದಿನ ವರ್ಷ."

"ಅವನಷ್ಟು ಚೆನ್ನಾಗಿ ಯಾರು ಆಡ್ತಾರೆ ನಿಮ್ಮಲ್ಲಿ?"

"ಯಾರೂ ಇಲ್ಲ. ಅದಕ್ಕೇ ಕೂರ್ಸಿರೋದು. ಅವನ ಕಾಲು ನೋಡಿದ್ದೀಯಾ? ಬಿದಿರುಕಡ್ಡಿ ಕಣೆ. ಒಂದ್ಸಲ ಮುರಿದ್ರೆ ಮುಗೀತು."

"ಕಡ್ಡಿಯಾದ್ರೂ ಓಡ್ತದೆ. ಅವನ ಜಾಗದಲ್ಲಿ ಆಡುವ ನಿಮ್ಮ ಆ ಥರ್ಡ್ ಇಯರ್‌ನವ ಕಂಬ. ಕಂಬ ಎಲ್ಲಿಗೆ ಓಡುವುದು?"

ಅವರಿಗೆ ನಗು ಬಂತು, ತಡೆದುಕೊಂಡರು. ನಾನು ಬಿಡಲಿಲ್ಲ.

"ಆ ಅಮೆರಿಕದವ ಹೇಳಿದ್ದು ನಾನೂ ಕೇಳಿದ್ದೇನೆ. ಅಲ್ಲಿ ಕೂತ ವರ್ಷವನ್ನು ಕೊನೆಗೆ ವಾಪಸ್ ಕೊಡ್ತಾರೆ. ನಿಮ್ಮದು ಮೂರು ವರ್ಷದ ಡಿಪ್ಲೊಮಾ. ನಾಲ್ಕನೇ ವರ್ಷ ನೀವು ಎಲ್ಲಿಂದ ತಂದು ಕೊಡ್ತೀರಿ?"

ಅವರು ತುತ್ತು ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. "ವರ್ಷ ಕೊಡಕ್ಕಾಗಲ್ಲ. ಕಾಲು ಉಳಿಸ್ಕೊಡಬಹುದು," ಎಂದರು. ಪೆನ್ಸಿಲ್ ಮುರಿದ ಸದ್ದನ್ನು ನಾನೂ ಕೇಳಿದ್ದೆನಲ್ಲ. ಇಬ್ಬರೂ ಹೇಳಿದ್ದು ಸರಿಯೇ ಇತ್ತು. ಅವರ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದೆ.

ಆ ಸೀಸನ್‌ನಲ್ಲಿ ನಮ್ಮ ಕಾಲೇಜು ಫೈನಲ್‌ಗೆ ಬಂತು. ಎದುರಿಗೆ ಎಂಬಕಸಿ ಕಡೆಯ ಒಂದು ಕಾಲೇಜು. ಮ್ಯಾಚ್ ನಮ್ಮ ಗ್ರೌಂಡಿನಲ್ಲೇ ಇದ್ದುದರಿಂದ ನಾನೂ ಒಂದು ಸ್ಟೂಲ್ ತೆಗೆದುಕೊಂಡು ಹೋಗಿ ಕೆಂಪು ಬಿಬ್‌ನವರ ಪಕ್ಕ ಕೂತೆ. ಮೊದಲರ್ಧದಲ್ಲೇ ಆ ಕಂಬದ ಪಾದ ಉಳುಕಿತು. ಎಡಗಾಲಿನವ ಸುಮ್ಮನೆ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿದ. ಯಜಮಾನರು ನಮ್ಮ ಸಾಲಿನ ಕಡೆ ತಿರುಗಿದರು. ಅವನನ್ನು ನೋಡಿದರು, ಅವನ ಕಾಲು ನೋಡಿದರು, ಆಮೇಲೆ ಬೆಂಚಿನಿಂದ ಸೆಕೆಂಡ್ ಇಯರ್‌ನ ಒಬ್ಬನನ್ನು ಕರೆದರು.

"ಪೋಲೆ," ಎಂದೆ ಅವನಿಗೆ. ಪಾಪ, ಬೇಜಾರು ಮಾಡಬೇಡ ಎನ್ನುವುದಕ್ಕೆ ಇಲ್ಲಿನವರು ಹೇಳುವ ಮಾತು.

"ಪರವಾಗಿಲ್ಲ ಮಾಮಾ. ಲೇಸ್ ಸಡಿಲವಾಗಿತ್ತು, ಅಷ್ಟೆ."

ಎರಡನೆಯ ಅರ್ಧದಲ್ಲಿ ಮಳೆ ಹೊಯ್ಯಿತು. ಏಪ್ರಿಲ್‌ನ ಮಳೆ, ನಿಲ್ಲುವ ಜಾಯಮಾನದ್ದಲ್ಲ. ಗ್ರೌಂಡು ಗದ್ದೆಯಾಯಿತು, ಚೆಂಡು ತೇಲತೊಡಗಿತು. ಒಂದೂ ಗೋಲಾಗದೆ ರೆಫರಿ ಆಟ ನಿಲ್ಲಿಸಿದ. ರಜೆ ಮುಗಿದು ಮುಂದಿನ ಟರ್ಮ್ ಶುರುವಾದ ಮೇಲೆ ರಿಪ್ಲೇ ಎಂದಾಯಿತು.

ಮನೆಗೆ ಬಂದು ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ, ಯಜಮಾನರು ಹೇಳಿದರು: "ಹನ್ನೊಂದನೇ ನಂಬರ್ ಜೆರ್ಸಿ ಸ್ವಲ್ಪ ಹಿಡಿಸ್ಬೇಕು. ಪಕ್ಕದಲ್ಲಿ."

"ಯಾರಿಗೆ?"

"ಬಿದಿರುಕಡ್ಡಿಗೆ. ರಿಪ್ಲೇಲಿ ಅವನೇ."

ಮಾತಾಡಿದರೆ ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾರೋ ಎಂದು ಅಡುಗೆಮನೆಗೆ ಹೋಗಿ ಹಾಲು ಕಾಯಿಸಿದೆ. ಮರುದಿನ ಅವರೇ ಹುಡುಗನಿಗೆ ಹೇಳಿದರಂತೆ, ಬರೀ "ನೆಕ್ಸ್ಟ್ ಒನ್, ಯು ಸ್ಟಾರ್ಟ್" ಎಂದು. ರಜೆಗೆ ಹೋಗುವ ಮುಂಚೆ ಅವನು ನಮ್ಮ ಮನೆಗೆ ಬಂದು ಜೆರ್ಸಿಯ ಅಳತೆ ಕೊಟ್ಟ. ಗುಂಡುಪಿನ್ನು ಚುಚ್ಚುವಾಗ ಉಸಿರು ಬಿಗಿಹಿಡಿದು ನಿಂತಿದ್ದ. ಅಪ್ಪನಿಗೆ ಈಗ ದಿನ ಹೇಳಬಹುದು ಎಂದ. ಅಷ್ಟು ಸಪೂರದ ಬೆನ್ನಿನ ಮೇಲೆ ಎರಡು ಒಂದುಗಳು ತೀರಾ ಹತ್ತಿರ ಹತ್ತಿರ ಬಂದುವು. ನಾನು ನಂಬರನ್ನು ಬಿಚ್ಚಿ ಮತ್ತೊಮ್ಮೆ ಹೊಲಿದೆ.

ಟರ್ಮ್ ಶುರುವಾಯಿತು. ಶನಿವಾರ ರಿಪ್ಲೇ ಎಂದು ಗೊತ್ತಾಗಿತ್ತು. ಆ ವಾರವೇ ಮೆಸ್ಸಿನ ಬೀನ್ಸ್‌ನಲ್ಲಿ ಹುಳವಿದೆ ಎಂದು ಶುರುವಾದ ಗಲಾಟೆ ಕಿಟಕಿ ಗಾಜಿಗೆ ಹೋಯಿತು, ಅಲ್ಲಿಂದ ರಸ್ತೆಗೆ ಹೋಯಿತು. ಆ ವರ್ಷಗಳಲ್ಲಿ ಈ ದೇಶದ ಕಾಲೇಜುಗಳಲ್ಲಿ ಮುಂದೇನಾಗುತ್ತದೆ ಎಂದು ಯಾರೂ ಯಾರಿಗೂ ಹೇಳಬೇಕಿರಲಿಲ್ಲ. ಪೊಲೀಸರ ಲಾರಿಗಳು ಬಂದು ಗೇಟಿನ ಬಳಿ ನಿಂತವು. ಕಾಲೇಜು ಅನಿರ್ದಿಷ್ಟ ಕಾಲ ಬಂದ್, ಎಲ್ಲರೂ ಮಧ್ಯಾಹ್ನದೊಳಗೆ ಹಾಸ್ಟೆಲ್ ಬಿಡಬೇಕು, ಊರಿಗೆ ಹೋಗಿ ವಾರವಾರ ಅಲ್ಲಿನ ಚೀಫ್, ಅಂದರೆ ಸರ್ಕಾರದ ಊರ ಅಧಿಕಾರಿಯ ಎದುರು ಹಾಜರಾಗಬೇಕು. ಅದು ಗುರುವಾರ.

ಎಡಗಾಲಿನವ ಹಿತ್ತಿಲ ಬಾಗಿಲಿಗೆ ಬಂದ. ತಲೆಯ ಮೇಲೆ ಹಾಸಿಗೆ ಸುರುಳಿ, ಕೈಯಲ್ಲೊಂದು ತಗಡಿನ ಪೆಟ್ಟಿಗೆ, ಹೆಗಲ ಮೇಲೆ ಕೆಂಪು ಬಿಬ್. "ಬಿಬ್ ಒಗೆದಿಲ್ಲ ಮಾಮಾ, ನೀರಿಲ್ಲ," ಎಂದ. ಯಜಮಾನರು ಒಳಗಿನಿಂದ ಜೆರ್ಸಿ ತಂದರು. ನಾನು ಇಸ್ತ್ರಿ ಮಾಡಿ ಮಡಿಸಿಟ್ಟಿದ್ದೆ. ಅದನ್ನು ಅವನ ಮುಂದೆ ಚಾಚಿದರು.

"ಟೇಕ್ ಇಟ್. ಇದು ನಿನ್ನದು."

ಹುಡುಗ ಹಾಸಿಗೆಯನ್ನು ಇಳಿಸಿ ಗೋಡೆಗೆ ಆನಿಸಿದ. ಜೆರ್ಸಿಯನ್ನು ಮುಟ್ಟಿ ನೋಡಿದ, ನಂಬರಿನ ಹೊಲಿಗೆಯ ಮೇಲೆ ಬೆರಳಾಡಿಸಿದ, ಕೈ ಹಿಂದೆಗೆದ.

"ಬೇಡ ಮ್ವಾಲಿಮು. ಊರಲ್ಲಿ ಇದನ್ನ ಹಾಕಿಕೊಂಡರೆ ಎಷ್ಟು ಗೋಲು ಹೊಡೆದೆ ಅಂತ ಕೇಳ್ತಾರೆ. ಏನು ಹೇಳಲಿ? ವಾಪಸ್ ಬಂದು, ಆಡಿ, ಆಮೇಲೆ ತಗೊಳ್ತೀನಿ."

"ನಿನಗೇ ಅಂತ ಹೊಲಿದದ್ದು," ಎಂದೆ ನಾನು.

"ಹಾಗಾದರೆ ಇಟ್ಟಿರಿ. ಇದನ್ನ ಮಾತ್ರ ಒಯ್ತೀನಿ." ಹೆಗಲ ಮೇಲಿನ ಬಿಬ್ ತೋರಿಸಿದ. "ಇದರಲ್ಲಿ ಇಡೀ ವರ್ಷ ಓಡಿದ್ದೀನಿ. ಇದು ಖಂಡಿತ ನನ್ನದು."

ನಾನು ಉಳಿದಿದ್ದ ಚಪಾತಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟೆ. "ಅಸಾಂಟೆ, ಮಾಮಾ," ಎಂದು ಥ್ಯಾಂಕ್ಸ್ ಹೇಳಿ ಗೇಟಿನ ಕಡೆ ನಡೆದ. ಲಾರಿಗಳ ನಡುವೆ ಆ ಕೆಂಪು ಬಹಳ ಹೊತ್ತು ಕಾಣಿಸಿತು. ಯಜಮಾನರು ಜೆರ್ಸಿ ಹಿಡಿದುಕೊಂಡೇ ನಿಂತಿದ್ದರು. ನಾನೇ ಅವರ ಕೈಯಿಂದ ತೆಗೆದುಕೊಂಡೆ.

ಕಾಲೇಜು ಮತ್ತೆ ತೆರೆಯಲು ತಿಂಗಳುಗಳೇ ಹಿಡಿದವು. ಆ ತಿಂಗಳುಗಳಲ್ಲಿ ಗ್ರೌಂಡಿನ ಹುಲ್ಲು ಮೊಣಕಾಲು ಮುಟ್ಟಿತು. ಯಜಮಾನರು ಸಂಜೆ ಅಭ್ಯಾಸಬಲದಿಂದ ಕೊರಳಿಗೆ ಸೀಟಿ ಹಾಕಿಕೊಂಡು ವರಾಂಡದಲ್ಲಿ ಕೂರುತ್ತಿದ್ದರು, ಊದುತ್ತಿರಲಿಲ್ಲ. ನಾನು ಪಕ್ಕದಲ್ಲಿ ಪುಸ್ತಕ ಹಿಡಿದಿರುತ್ತಿದ್ದೆ, ಓದುತ್ತಿರಲಿಲ್ಲ.

ತೆರೆದ ಮೇಲೆ ಹೆಚ್ಚುಕಮ್ಮಿ ಎಲ್ಲರೂ ಬಂದರು. ಅವನು ಬರಲಿಲ್ಲ. ರಿಪ್ಲೇ ಎನ್ನುವುದನ್ನು ಎಲ್ಲರೂ ಮರೆತಿದ್ದರು. ಹೊಸ ಸೀಸನ್ನೇ ಶುರುವಾಗಿತ್ತು. ಅವನ ಕಡೆಯ ಒಬ್ಬ ಹುಡುಗ ಸುದ್ದಿ ತಂದ. ಟ್ರಂಕಿನ ಮೇಲೆ ಕೂತು ಹೇಳಿದ:

"ಅವನು ಇನ್ನು ಬರಲ್ಲ ಮಾಮಾ. ಅಲ್ಲೇ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕಾರ್ಖಾನೆಯ ಟೀಮಿನಲ್ಲಿ ಆಡ್ತಾನೆ. ಸೇರಿದ ವಾರವೇ ಇಳಿಸಿದರು."

ಯಜಮಾನರು ಬಾಗಿಲಲ್ಲಿ ನಿಂತಿದ್ದರು. "ಯಾವ ಕಡೆ ಆಡಿಸ್ತಾರೆ?"

"ಎಡಗಡೆ, ಮ್ವಾಲಿಮು."

"ಕಾಲು?"

"ಕಾಲು ಚೆನ್ನಾಗಿದೆ. ಸ್ವಲ್ಪ ದಪ್ಪ ಆಗಿದೆ, ಅಲ್ಲಿ ಕಬ್ಬು ತಿನ್ನಲಿಕ್ಕೆ ಯಾರೂ ಬೇಡ ಅನ್ನಲ್ಲ."

"ಗುಡ್," ಎಂದರು ಯಜಮಾನರು. ಒಳಗೆ ಹೋದವರು ಒಂದು ಗಳಿಗೆಯಲ್ಲೇ ಹೊರಗೆ ಬಂದರು. "ಅವರಪ್ಪ ನೋಡಿದ್ರಂತಾ?" ಎಂದು ನನ್ನನ್ನು ಕನ್ನಡದಲ್ಲಿ ಕೇಳಿದರು. ಹುಡುಗನನ್ನು ಕೇಳುವ ಧೈರ್ಯವಿರಲಿಲ್ಲವೋ ಏನೋ. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಪ್ರತಿ ಮ್ಯಾಚಿಗೂ ಬರುತ್ತಾನೆ, ರೆಫರಿಗೆ ಬೈಯುತ್ತಾನೆ ಎಂದ ಹುಡುಗ.

ಆ ಸೀಸನ್‌ನ ಮೊದಲ ಮ್ಯಾಚಿಗೆ ಮುಂಚೆ ನಾನು ಬಿಬ್‌ಗಳನ್ನು ಒಗೆದು ಜೋಡಿಸಿಟ್ಟಿದ್ದೆ. "ಅವು ಈ ವರ್ಷ ಬೇಡ," ಎಂದರು. ಅಷ್ಟೇ ಹೇಳಿದ್ದು. ಹೊಸ ಹುಡುಗರಲ್ಲಿ ಆಡಬಲ್ಲವರನ್ನೆಲ್ಲ ಮೊದಲ ದಿನವೇ ಇಳಿಸಿದರು. ಗೆರೆಯ ಹೊರಗೆ ಕೂರದೆ, ಯಾರ ಕಾಲು ಎಲ್ಲಿದೆ ಎಂದು ನೋಡುತ್ತ ಗೆರೆಯುದ್ದಕ್ಕೂ ಓಡಾಡಿದರು. ಕಾಲು ಯಾರದೂ ಮುರಿಯಲಿಲ್ಲ, ಆದರೆ ಕೆಟ್ಟದಾಗಿ ಸೋತರು. ಎಡಗಡೆ ಆಡಿದವನ ಬೆನ್ನಿನ ಮೇಲೆ ಹನ್ನೊಂದರ ಬದಲು ಹನ್ನೆರಡು ಇತ್ತು. ಹನ್ನೊಂದು ಎಲ್ಲಿ ಎಂದು ಎದುರಿನ ಕೋಚ್ ಕೇಳಿದಾಗ ಯಜಮಾನರು ಮುಖ ಬದಲಿಸದೆ, "ಒಗೆಯಲು ಹೋಗಿದೆ," ಎಂದರಂತೆ. ಮುಂದಿನ ಮ್ಯಾಚಿನಲ್ಲೂ ಅದೇ ಉತ್ತರ. ಕೊನೆಗೆ ಹುಡುಗರೇ ತಮಾಷೆ ಮಾಡತೊಡಗಿದರು, ಮಾಮಾ ಒಂದು ಜೆರ್ಸಿ ಒಗೆಯಲು ಇಷ್ಟು ದಿನ ತೆಗೆದುಕೊಳ್ಳುತ್ತಾಳೆ ಎಂದು.

ಆ ತಮಾಷೆಯನ್ನೂ ನಾನು ಬೇರೆಯವರ ಬಾಯಿಂದ ಕೇಳಿದೆ. ಯಾಕೆಂದರೆ ಅವರು ಯಾರೂ ಈಗ ಹಿತ್ತಿಲ ಬಾಗಿಲಿಗೆ ಬರುತ್ತಿರಲಿಲ್ಲ. ಆಡಿದವರು ಆಡಿದವರ ಜೊತೆ ಮಟಾಟು ಹತ್ತಿ ಟೌನಿಗೆ ಹೋಗುತ್ತಾರೆ, ಫಸ್ಟ್ ಇಯರ್ ಆದರೇನು, ಥರ್ಡ್ ಇಯರ್ ಆದರೇನು. ಹೋಗಬೇಕಾದದ್ದೇ. ನಾನೇ ಅಲ್ಲವೇ ಆಡಿಸಿ ಎಂದವಳು. ಇವತ್ತು ಯಾವುದಾದರೂ ಕೋಚ್ ಬಂದು ಕೇಳಿದರೂ ಆಡಿಸಿ ಎಂದೇ ಹೇಳುತ್ತೇನೆ. ಆದರೂ ಆ ಮೊದಲ ಶನಿವಾರ ಚಪಾತಿ ಮಾಡಿ, ಮೇಲೆ ತಟ್ಟೆ ಮುಚ್ಚಿ, ಬಾಗಿಲು ತೆರೆದಿಟ್ಟು ಕೂತಿದ್ದೆ. ಗ್ರೌಂಡಿನ ಗದ್ದಲ ಗೇಟಿನವರೆಗೆ ಹೋಯಿತು, ರಸ್ತೆಗೆ ಹೋಯಿತು, ಮಟಾಟುವಿನ ಹಾರ್ನಿನಲ್ಲಿ ಸೇರಿಹೋಯಿತು. ಯಜಮಾನರು ಒಳಗೆ ಬಂದು ಮುಚ್ಚಿದ ತಟ್ಟೆ ನೋಡಿದರು. ಎದುರು ಕೂತು ಚಪಾತಿಯನ್ನು ಸುರುಳಿ ಸುತ್ತಿ, ಆ ಹುಡುಗರ ಹಾಗೆ, ಚಹಾದಲ್ಲಿ ಅದ್ದಿ ತಿಂದರು. ಅವರಿಗೆ ಹಾಗೆ ತಿಂದು ಅಭ್ಯಾಸವಿಲ್ಲ. ಅಂಗಿಯ ಮೇಲೆಲ್ಲ ಚೆಲ್ಲಿಕೊಂಡರು.

"ಇನ್ನೊಂದು ಹಾಕ್ಲಾ?" ಎಂದೆ.

"ಹಾಕು. ಉಂಟಲ್ಲ," ಎಂದರು.

ಅವರು ಹೋಗಿಯೂ ಬಹಳ ವರ್ಷವಾಯಿತು. ಕ್ವಾರ್ಟರ್ಸ್ ಬಿಟ್ಟು ನೈರೋಬಿಯಲ್ಲೇ ಇರುವ ಈ ಫ್ಲ್ಯಾಟಿಗೆ ಬರುವಾಗ ಟ್ರಂಕ್ ಕೊನೆಗೂ ತೆರೆದೆ. ಡಿನ್ನರ್ ಸೆಟ್ಟು ಈಗ ದಿನಬಳಕೆಗಿದೆ. ಟ್ರಂಕಿನಲ್ಲಿ ಕೆಂಪು ಬಿಬ್‌ಗಳಿವೆ, ಮೇಲೆ ಆ ಜೆರ್ಸಿ. ಮಡಿಕೆಯಲ್ಲಿ ಗೆರೆ ಬಿದ್ದು ಹರಿಯಬಾರದೆಂದು ಆಗಾಗ ತೆಗೆದು ನೀರಿಗೆ ಹಾಕುತ್ತೇನೆ. ಯಾರೂ ತೊಡದ ಬಟ್ಟೆಯಿಂದಲೂ ಸ್ವಲ್ಪ ಧೂಳು ಬಿಡುತ್ತದೆ. ಬಾಲ್ಕನಿಯ ತಂತಿಯ ಮೇಲೆ ಬೆನ್ನು ರಸ್ತೆಗೆ ಕಾಣುವ ಹಾಗೆ ಒಣಹಾಕುತ್ತೇನೆ. ಕೆಳಗಿನ ಮನೆಯ ಹೆಂಗಸು ಒಮ್ಮೆ ತಲೆಯೆತ್ತಿ ಕೇಳಿದಳು, ನಿಮ್ಮ ಮಗ ಆಡುತ್ತಾನಾ ಎಂದು.

"ಆಡುತ್ತಾನೆ," ಎಂದೆ. "ಎಡಗಡೆ."